ಕರೀ ಮಖಮಲ್ಲು ಮತ್ತು ಸ್ಟಾನಿಸ್ಲಾವ್‌ಸ್ಕಿ

ಊರು ಬಿಟ್ಟು ಬಂದು ಹವ್ಯಾಸಕ್ಕೆ ನಾಟಕ ಆಡುವ ನಮ್ಮಂಥವರಿಗೆ ಕರೀ ಪರದೆ ಬಡತನದ ಆಸರೆ. ಅರಮನೆ, ಅಡವಿಗಳ ಬಣ್ಣದ ಪರದೆ ಬಾಡಿಗೆಗೆ ತರಲು ಹಣ ಸಾಲದಿದ್ದರೆ ಹಿಂದೊಂದು ಕರೀ ಬಟ್ಟೆ ಇಳಿಬಿಟ್ಟರಾಯಿತು. ಆ ಬಟ್ಟೆಯಿಂದಲೇ ದೊಡ್ಡ ಗೆಲುವು ಪಡೆದು, ಆ ಗೆಲುವಿನಲ್ಲಿ ತೃಪ್ತಿ ಕಾಣದವರು ರಷ್ಯಾದ ಕಾನ್‌ಸ್ಟಂಟಿನ್ ಸ್ಟಾನಿಸ್ಲಾವ್‌ಸ್ಕಿ.

ಹುಟ್ಟಿದ್ದು 1863ರಲ್ಲಿ, ಮಾಸ್ಕೋದಲ್ಲಿ. ಮನೆತನದ ಹೆಸರು ಅಲೆಕ್ಸೇಯೆವ್. ಜರಿಯ ಎಳೆ ತಯಾರಿಸುವ ಕಾರ್ಖಾನೆಯ ಸಿರಿವಂತರು. ಸ್ಟಾನಿಸ್ಲಾವ್‌ಸ್ಕಿ ಎಂಬುದು ರಂಗಕ್ಕಾಗಿ ಇಟ್ಟುಕೊಂಡ ಹೆಸರು. 1898ರಲ್ಲಿ ನೆಮಿರೋವಿಚ್-ಡಾನ್ಚೆಂಕೊ ಅವರೊಡನೆ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದರು. ಚೆಕೊವ್ ಅವರ ನಾಟಕಗಳಿಂದ ಅದಕ್ಕೆ ಕೀರ್ತಿ ಬಂತು. ರಂಗದ ಮೇಲೆ ನಿಜವಾದ ಬಾಗಿಲು, ಕಿಟಕಿ, ತೆರೆಮರೆಯಿಂದ ಜೀರುಂಡೆಯ ದನಿ ಸಹ! 1904ರಲ್ಲಿ ಚೆಕೊವ್ ತೀರಿಕೊಂಡರು. ಕಣ್ಣಿಗೆ ಕಾಣದ ಕನಸು, ಸಾವು, ವಿಧಿಗಳನ್ನು ರಂಗಕ್ಕೆ ತರುವುದು ಹೇಗೆಂಬ ಯೋಚನೆ ಇವರನ್ನು ಹಿಡಿಯಿತು.

ಮೇಟರ್‌ಲಿಂಕ್ ಅವರ ‘ನೀಲಿ ಹಕ್ಕಿ’ಗಾಗಿ ಪ್ರಯೋಗಗಳು ನಡೆದಿದ್ದಾಗ ಒಂದು ದಿನ ಕರೀ ಮಖಮಲ್ಲಿನ ತುಂಡೊಂದು ಕಾಣೆಯಾಯಿತು. ಎಲ್ಲರೂ ಹುಡುಕಿದ್ದೇ ಹುಡುಕಿದ್ದು. ನೋಡಿದರೆ ಅದು ಎದುರಿಗೇ ಕುರ್ಚಿಯ ಬೆನ್ನ ಮೇಲೆ ತೂಗಿತ್ತು! ಹಿಂದೆಯೂ ಕರೀ ಮಖಮಲ್ಲೇ ಇದ್ದುದರಿಂದ ಎರಡೂ ಒಂದಾಗಿ, ಬೆನ್ನು ಮಾಯವಾಗಿ, ಕುರ್ಚಿ ಬರಿಯ ಪೀಠದಂತೆ ಕಾಣುತ್ತಿತ್ತು. ಮಖಮಲ್ಲಿನ ಜುಂಗು ಬೆಳಕನ್ನು ನುಂಗುತ್ತದೆ. ಮಿನುಗುವ ಸಾದಾ ಬಟ್ಟೆಗೆ ಆ ಗುಣವಿಲ್ಲ. ಜಾದೂಗಾರರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತೆನ್ನಿ.

1907ರಲ್ಲಿ ಲಿಯೊನಿದ್ ಆಂಡ್ರೆಯೆವ್ ಅವರ ‘ಮನುಷ್ಯನ ಬಾಳು’ ನಾಟಕಕ್ಕೆ ಇಡೀ ರಂಗವನ್ನೇ ಕರೀ ಮಖಮಲ್ಲಿನಿಂದ ಮುಚ್ಚಿಸಿದರು. ಗೋಡೆಯಿಲ್ಲ, ಮೂಲೆಯಿಲ್ಲ, ಕೊನೆಯೇ ಕಾಣದ ಕತ್ತಲೆ. ಬಾಗಿಲು, ಕಿಟಕಿ, ಕುರ್ಚಿ, ಮೇಜುಗಳೆಲ್ಲ ಹಗ್ಗದಿಂದ ಎಳೆದ ಗೆರೆಗಳು ಮಾತ್ರ. ಅದರ ನಡುವೆ ಹುಟ್ಟಿ, ಬೆಳೆದು, ಸಾಯುವ ಪುಟ್ಟ ಮನುಷ್ಯ.

ಪ್ರೇಕ್ಷಕರು ಬೆರಗಾದರು. ನಾಟಕ ಗೆದ್ದಿತು. ಆದರೆ ನಿರ್ದೇಶಕರ ಮನಸ್ಸಿಗೆ ಸಮಾಧಾನವಿಲ್ಲ. ಗೆದ್ದದ್ದು ಬಟ್ಟೆ, ನಟನ ಕಲೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲವೆಂದು ಅವರಿಗೆ ಅನಿಸಿತು. ಜನ ಮೆಚ್ಚಿದ ಕೆಲಸದಲ್ಲಿ ಕೊರತೆ ಹುಡುಕುವವರು ಎಷ್ಟು ಮಂದಿ? ನಟನ ಒಳಗು ಎಚ್ಚರಗೊಳ್ಳುವ ದಾರಿಯನ್ನು ಅವರು ಆಗಲೇ ಅರಸತೊಡಗಿದ್ದರು; ಮುಂದಿನ ಮೂವತ್ತು ವರ್ಷ ಅದಕ್ಕೇ ಮುಡಿಪಾಯಿತು. ‘ನೀಲಿ ಹಕ್ಕಿ’ 1908ರಲ್ಲಿ ರಂಗಕ್ಕೆ ಬಂತು.

1928ರ ಅಕ್ಟೋಬರಿನಲ್ಲಿ ಚೆಕೊವ್ ನಾಟಕವೊಂದರಲ್ಲಿ ಅಭಿನಯಿಸುತ್ತಿರುವಾಗಲೇ ಹೃದಯಾಘಾತವಾಯಿತು. ಪರದೆ ಬೀಳುವವರೆಗೂ ಅವರು ರಂಗ ಬಿಡಲಿಲ್ಲ. ಆಮೇಲೆ ಬಣ್ಣ ಹಚ್ಚಲಿಲ್ಲ. ಮನೆಯಲ್ಲೇ ಕುಳಿತು ಕಿರಿಯರಿಗೆ ಕಲಿಸಿದರು. 1938ರ ಆಗಸ್ಟ್ 7ರಂದು ತೀರಿಕೊಂಡರು. ನಟನ ಸಾಧನೆಯನ್ನು ಕುರಿತ ಅವರ ದೊಡ್ಡ ಗ್ರಂಥ ಅದೇ ವರ್ಷ ರಷ್ಯನ್ ಭಾಷೆಯಲ್ಲಿ ಹೊರಬಂತು.