ಸಾವಿರ ಪ್ರತಿಗಳ ತಾಯಿ: ದಾನಚಿಂತಾಮಣಿ ಅತ್ತಿಮಬ್ಬೆ

ಕರ್ನಾಟಕದ ಇತಿಹಾಸದಲ್ಲಿ ಹೆಸರಾದ ಸ್ತ್ರೀಯರನ್ನು ನೆನೆಯುವಾಗ ಕಿತ್ತೂರಿನ ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ, ಕೆಳದಿಯ ಚೆನ್ನಮ್ಮಾಜಿ, ಚಿತ್ರದುರ್ಗದ ಓಬವ್ವ ಇವರ ಹೆಸರುಗಳು ಮೊದಲು ನಾಲಿಗೆಗೆ ಬರುತ್ತವೆ. ಹೊರನಾಡಿನ ಕನ್ನಡ ಕೂಟಗಳ ವೇಷಭೂಷಣ ಸ್ಪರ್ಧೆಗಳಲ್ಲಿಯೂ ಪುಟ್ಟ ಹೆಣ್ಣುಮಕ್ಕಳು ರಟ್ಟಿನ ಕತ್ತಿಯನ್ನೋ ಒನಕೆಯನ್ನೋ ಹಿಡಿದು ಈ ವೀರವನಿತೆಯರಾಗಿಯೇ ವೇದಿಕೆಗೆ ಬರುತ್ತಾರೆ. ಇದು ಸಂತೋಷಪಡಬೇಕಾದ ಸಂಗತಿಯೇ ಆದರೂ, ಕತ್ತಿ ಹಿಡಿಯದೆ, ಸಿಂಹಾಸನ ಏರದೆ, ಕಾವ್ಯವನ್ನೂ ಬರೆಯದೆ ಕನ್ನಡವನ್ನು ಕಾಪಾಡಿದ ಒಬ್ಬ ಮಹಾತಾಯಿಯ ಪರಿಚಯ ಹೊರದೇಶಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಇಲ್ಲದಿರುವುದು ದೊಡ್ಡ ಕೊರತೆ. ಆಕೆಯೇ ಒಂದು ಸಾವಿರ ವರ್ಷಗಳಿಗೂ ಹಿಂದೆ ಬಾಳಿದ, 'ದಾನಚಿಂತಾಮಣಿ' ಎಂದು ಜನರು ಕೊಂಡಾಡಿದ ಅತ್ತಿಮಬ್ಬೆ. ಚಿಂತಾಮಣಿ ಎಂಬುದು ಬೇಡಿದ್ದನ್ನೆಲ್ಲ ಕೊಡುತ್ತದೆಂದು ಪುರಾಣಗಳು ಹೇಳುವ ರತ್ನ. ದಾನ ಮಾಡುವುದರಲ್ಲಿ ಅಂಥ ರತ್ನದಂತಿದ್ದವಳು ಎಂಬುದು ಈ ಬಿರುದಿನ ತಾತ್ಪರ್ಯ.

ಅತ್ತಿಮಬ್ಬೆ ಬಾಳಿದ್ದು 10ನೆಯ ಶತಮಾನದ ಉತ್ತರಾರ್ಧ ಹಾಗೂ 11ನೆಯ ಶತಮಾನದ ಆರಂಭದ ಕಾಲದಲ್ಲಿ. ಮಾನ್ಯಖೇಟದಿಂದ ಆಳುತ್ತಿದ್ದ ರಾಷ್ಟ್ರಕೂಟರ ಪ್ರಭುತ್ವ 973ರಲ್ಲಿ ಮುಗಿದು, ಇಮ್ಮಡಿ ತೈಲಪನು ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಸ್ಥಾಪಿಸಿದ ಸಂಧಿಕಾಲ ಅದು. ಆಕೆಯ ತವರಿನವರು ವೆಂಗಿನಾಡಿನಿಂದ, ಎಂದರೆ ಇಂದಿನ ಆಂಧ್ರಪ್ರದೇಶದ ಕರಾವಳಿಯ ಕಡೆಯಿಂದ ಬಂದ ಜೈನ ಮನೆತನದವರು. ತಂದೆ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ. ಈ ಅಣ್ಣತಮ್ಮಂದಿರು ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣೆಗಾಗಿ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಪೊನ್ನ ಕವಿಯಿಂದ 'ಶಾಂತಿಪುರಾಣ'ವನ್ನು ಬರೆಯಿಸಿದರು. ಇದು ಹದಿನಾರನೆಯ ತೀರ್ಥಂಕರನಾದ ಶಾಂತಿನಾಥನ ಚರಿತೆಯನ್ನು ಹೇಳುವ ಚಂಪೂಕಾವ್ಯ; ತೀರ್ಥಂಕರರೆಂದರೆ ಜೈನಧರ್ಮದ ಮಾರ್ಗವನ್ನು ತೋರಿದ 24 ಮಹಾಪುರುಷರು, ಚಂಪೂ ಎಂದರೆ ಪದ್ಯವೂ ಗದ್ಯವೂ ಬೆರೆತ ಕಾವ್ಯ. ಮೂಲ ನಾಡಿನಿಂದ ದೂರ ಬಂದ ಒಂದು ಕುಟುಂಬ ತನ್ನ ಭಕ್ತಿಯನ್ನೂ ಕೃತಜ್ಞತೆಯನ್ನೂ ಕನ್ನಡ ಕಾವ್ಯವೊಂದರ ಮೂಲಕ ಪ್ರಕಟಿಸಿತೆಂಬುದನ್ನು ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಭಾಷೆಯ ಸೇವೆಗೆ ಊರಿನ ದೂರ ಎಂದೂ ಅಡ್ಡಿಯಾದದ್ದಿಲ್ಲ.

ತೈಲಪನ ಮಂತ್ರಿಯಾಗಿದ್ದ ಧಲ್ಲಪನ ಮಗ ನಾಗದೇವನಿಗೆ ಅಕ್ಕ ಅತ್ತಿಮಬ್ಬೆಯನ್ನೂ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ಮದುವೆ ಮಾಡಲಾಯಿತು. ಪರಾಕ್ರಮಿಯಾದ ಸೇನಾನಿಯೆಂದು ಹೆಸರು ಪಡೆದಿದ್ದ ನಾಗದೇವನು ಅಕಾಲದಲ್ಲಿ ತೀರಿಕೊಂಡಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಸಹಗಮನವೆಂದರೆ ಗಂಡನ ಚಿತೆಯನ್ನೇರಿ ಪ್ರಾಣ ಬಿಡುವುದು, ಆ ಕಾಲದಲ್ಲಿ ಕೆಲವು ಮನೆತನಗಳಲ್ಲಿದ್ದು ಇಂದು ಕಾನೂನು ನಿಷೇಧಿಸಿರುವ ಪದ್ಧತಿ. ಅತ್ತಿಮಬ್ಬೆಯಾದರೋ ಎಳೆಯ ಮಗ ಅಣ್ಣಿಗದೇವನನ್ನು ಬೆಳೆಸುವುದಕ್ಕಾಗಿ ಬದುಕಿ ಉಳಿದಳು. ಗಂಡನನ್ನೂ ಒಡಹುಟ್ಟಿದ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡ ಆ ಹೆಣ್ಣುಮಗಳು ಮೂಲೆಯಲ್ಲಿ ಕುಳಿತು ಕಣ್ಣೀರಿಡುತ್ತ ಕಾಲ ಕಳೆಯಲಿಲ್ಲ. ಕೈಯಲ್ಲಿದ್ದ ಸಂಪತ್ತನ್ನೂ ಮನಸ್ಸಿನಲ್ಲಿದ್ದ ಭಕ್ತಿಯನ್ನೂ ಲೋಕೋಪಕಾರಕ್ಕೆ ತಿರುಗಿಸಿದಳು. ಕನ್ನಡದ ಪಾಲಿಗೆ ಅದಕ್ಕಿಂತ ದೊಡ್ಡ ಭಾಗ್ಯ ಇನ್ನೊಂದಿರಲಿಲ್ಲ.

ಜೈನಧರ್ಮದಲ್ಲಿ ಗೃಹಸ್ಥರು ಮಾಡಬೇಕಾದ ದಾನಗಳು ನಾಲ್ಕು: ಹಸಿದವರಿಗೆ ಆಹಾರದಾನ, ಅಂಜಿದವರಿಗೆ ಅಭಯದಾನ, ರೋಗಿಗಳಿಗೆ ಔಷಧದಾನ ಮತ್ತು ತಿಳಿವನ್ನು ಬಯಸುವವರಿಗೆ ಶಾಸ್ತ್ರದಾನ. ಗ್ರಂಥವನ್ನು ಬರೆಯಿಸಿ ಓದುವವರಿಗೆ ಕೊಡುವುದೇ ಶಾಸ್ತ್ರದಾನ. ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ್ದ 'ಶಾಂತಿಪುರಾಣ'ದ 1000 ಪ್ರತಿಗಳನ್ನು ಮಾಡಿಸಿ, ಚಿನ್ನ ಮತ್ತು ರತ್ನಗಳ 1500 ಜಿನಬಿಂಬಗಳನ್ನು, ಎಂದರೆ ತೀರ್ಥಂಕರರ ಮೂರ್ತಿಗಳನ್ನು ಮಾಡಿಸಿ ಅತ್ತಿಮಬ್ಬೆ ದಾನ ಮಾಡಿದಳೆಂಬುದು ಆಕೆಯ ಕೀರ್ತಿಗೆ ಮುಖ್ಯ ಕಾರಣ. ಚಿನ್ನದ ಮೂರ್ತಿಗಳ ಬೆಲೆ ಎಲ್ಲರಿಗೂ ತಿಳಿಯುತ್ತದೆ. ಸಾವಿರ ಪ್ರತಿಗಳ ಬೆಲೆ ತಿಳಿಯಬೇಕಾದರೆ ಅಂದು ಪುಸ್ತಕವೊಂದು ಹೇಗೆ ತಯಾರಾಗುತ್ತಿತ್ತೆಂಬುದನ್ನು ಮಕ್ಕಳು ಮೊದಲು ಅರಿಯಬೇಕು.

ಗುಂಡಿ ಒತ್ತಿದೊಡನೆ ಮುದ್ರಣಯಂತ್ರದಿಂದ ಹತ್ತು ಪ್ರತಿ ಹೊರಬರುವುದನ್ನು ಕಂಡಿರುವ ಮಕ್ಕಳಿಗೆ ಇದು ಕಲ್ಪನೆಗೂ ನಿಲುಕದ ಶ್ರಮ. ಆ ಕಾಲದಲ್ಲಿ ಪುಸ್ತಕಗಳನ್ನು ಬರೆಯುತ್ತಿದ್ದುದು ತಾಳೆಯ ಮರದ ಗರಿಗಳ ಮೇಲೆ. ಎಳೆಯದೂ ಅಲ್ಲದ, ಬಲಿತದ್ದೂ ಅಲ್ಲದ ಗರಿಗಳನ್ನು ಕೊಯ್ದು, ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸಿದರೆ ಅದು ಬರೆಯಲು ಯೋಗ್ಯವಾದ ಓಲೆಗರಿಯಾಗುತ್ತಿತ್ತು. ಲಿಪಿಕಾರನು, ಎಂದರೆ ಪ್ರತಿ ಮಾಡುವ ಬರಹಗಾರನು, 'ಕಂಟ'ವೆಂಬ ಕಬ್ಬಿಣದ ಚೂಪು ಲೇಖನಿಯಿಂದ ಗರಿಯ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದನು. ಕೊರೆದಷ್ಟಕ್ಕೆ ಅಕ್ಷರ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಗರಿಯ ಮೇಲೆಲ್ಲ ಸವರಿ ಬಟ್ಟೆಯಿಂದ ಒರೆಸಿದಾಗ, ಮಸಿಯು ಗೀರುಗಳಲ್ಲಿ ಮಾತ್ರ ನಿಂತು ಬರಹವು ಕಪ್ಪಗೆ ಎದ್ದು ಕಾಣುತ್ತಿತ್ತು. ಗರಿಯ ನಾರು ಉದ್ದಕ್ಕೆ ಹರಿದಿರುವುದರಿಂದ ನೇರ ಗೆರೆಗಳನ್ನು ಒತ್ತಿ ಎಳೆದರೆ ಗರಿ ಸೀಳುವ ಭಯವಿತ್ತು. ಕನ್ನಡದ ಅಕ್ಷರಗಳು ದುಂಡು ದುಂಡಾಗಿರಲು ಇದೂ ಒಂದು ಕಾರಣವೆಂದು ಲಿಪಿಯನ್ನು ಬಲ್ಲ ವಿದ್ವಾಂಸರು ಹೇಳುತ್ತಾರೆ. ಎರಡೂ ಬದಿಗೆ ಬರೆದ ಗರಿಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆಯಿಟ್ಟು ಬಿಗಿದರೆ ಒಂದು ಕಟ್ಟು, ಅಂದರೆ ಒಂದು ಪುಸ್ತಕ ಸಿದ್ಧವಾಗುತ್ತಿತ್ತು. ಹನ್ನೆರಡು ಆಶ್ವಾಸಗಳ, ಎಂದರೆ ಹನ್ನೆರಡು ಅಧ್ಯಾಯಗಳ ಒಂದು ಪುರಾಣವನ್ನು ಹೀಗೆ ಅಕ್ಷರ ಅಕ್ಷರವಾಗಿ ಕೊರೆದು ಮುಗಿಸುವುದೇ ಪ್ರಯಾಸದ ಕೆಲಸವಾಗಿರುವಾಗ, ಅಂಥ ಸಾವಿರ ಕಟ್ಟುಗಳಿಗೆ ಎಷ್ಟು ಗರಿ, ಎಷ್ಟು ಕೈ, ಎಷ್ಟು ಕಣ್ಣು, ಎಷ್ಟು ಹಗಲು ಬೇಕಾಗಿರಬಹುದೆಂಬುದನ್ನು ಓದುಗರೇ ಊಹಿಸಬಹುದು. ಅಚ್ಚಿನ ಅನುಕೂಲ ಕನ್ನಡಕ್ಕೆ ದೊರೆತದ್ದು ಬಹಳ ತಡವಾಗಿ: ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷ್ ಪಾದ್ರಿ ವಿಲಿಯಂ ಕೇರಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ್ದು 1817ರಲ್ಲಿ. ಅತ್ತಿಮಬ್ಬೆ ಈ ಕಾರ್ಯವನ್ನು ನಡೆಸಿದ್ದು ಅದಕ್ಕಿಂತ ಎಂಟು ಶತಮಾನಗಳಿಗೂ ಮೊದಲು.

ಪ್ರತಿ ಮಾಡುವ ಕೈಗಳು ದೊರೆಯದೆ ಹೋದರೆ ಏನಾಗುತ್ತದೆಂಬುದಕ್ಕೂ ಆ ಕಾಲದ ಕವಿಗಳಿಂದಲೇ ಉದಾಹರಣೆ ದೊರೆಯುತ್ತದೆ. ಓಲೆಗರಿಗೆ ಹುಳುವಿನ ಕಾಟ, ತೇವದ ಕಾಟ, ಬೆಂಕಿಯ ಭಯ ತಪ್ಪಿದ್ದಲ್ಲ. ಹಳೆಯ ಕಟ್ಟು ಮುರುಟುವ ಮೊದಲು ಯಾರಾದರೂ ಹೊಸ ಕಟ್ಟಿಗೆ ಬರೆದುಕೊಳ್ಳದಿದ್ದರೆ ಕಾವ್ಯವೇ ಇಲ್ಲವಾಗುತ್ತದೆ. ಪೊನ್ನನು ಬರೆದ 'ಭುವನೈಕರಾಮಾಭ್ಯುದಯ' ಇಂದು ದೊರೆಯದ ಕೃತಿ; ಅತ್ತಿಮಬ್ಬೆಯ ಆಶ್ರಯ ಪಡೆದ ಇನ್ನೊಬ್ಬ ಕವಿ ರನ್ನನ 'ಪರಶುರಾಮಚರಿತ', 'ಚಕ್ರೇಶ್ವರಚರಿತ'ಗಳ ಹೆಸರು ಮಾತ್ರ ಉಳಿದಿದೆ. ಅದೇ ಪೊನ್ನನ 'ಶಾಂತಿಪುರಾಣ'ವನ್ನು ಇಂದಿಗೂ ತೆರೆದು ಓದಬಹುದು. ಬಸದಿಗಳ ಭಂಡಾರಗಳಲ್ಲಿ ಕಟ್ಟುಗಳನ್ನು ಜೋಪಾನ ಮಾಡಿದ ಅನೇಕರ ಋಣವೂ ಇದರಲ್ಲಿದೆಯಾದರೂ, ಒಂದು ಕಾವ್ಯವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು.

ಪಂಪ, ಪೊನ್ನ, ರನ್ನ ಈ ಮೂವರನ್ನು ಕನ್ನಡದ ರತ್ನತ್ರಯರೆಂದು, ಎಂದರೆ ಮೂರು ರತ್ನಗಳೆಂದು ಕರೆಯುವುದು ರೂಢಿ. ಇವರಲ್ಲಿ ಇಬ್ಬರು ಅತ್ತಿಮಬ್ಬೆಗೆ ಋಣಿಗಳು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿ, ವಿದ್ಯೆಯನ್ನರಸಿ ಶ್ರವಣಬೆಳಗೊಳದವರೆಗೆ ಹೋಗಿ, ಗಂಗರ ಮಂತ್ರಿ ಚಾವುಂಡರಾಯನ ಆಶ್ರಯ ಪಡೆದು, ಕೊನೆಗೆ ತೈಲಪನಿಂದ 'ಕವಿಚಕ್ರವರ್ತಿ' ಎನಿಸಿಕೊಂಡ ರನ್ನನಿಂದ ಅತ್ತಿಮಬ್ಬೆ ಎರಡನೆಯ ತೀರ್ಥಂಕರನ ಚರಿತೆಯಾದ 'ಅಜಿತಪುರಾಣ'ವನ್ನು ಬರೆಯಿಸಿದಳು. ಅದು ಮುಗಿದದ್ದು 993ರಲ್ಲಿ. ದೊರೆಗಳನ್ನು ಹೊಗಳುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ರನ್ನನು ಈ ಗೃಹಿಣಿಯನ್ನೂ ಅವಳ ಮನೆತನವನ್ನೂ ವಿಸ್ತಾರವಾಗಿ ಕೊಂಡಾಡಿದ್ದಾನೆ. ಆಕೆಯ ಶುಚಿಯಾದ ನಡತೆಯನ್ನು ವರ್ಣಿಸಲು ಅವನು ಆರಿಸಿಕೊಂಡ ಹೋಲಿಕೆಗಳಲ್ಲಿ ಬಿಳಿಯ ಅರಳೆಯೂ, ಎಂದರೆ ಬಿಡಿಸಿದ ಹತ್ತಿಯೂ, ಗಂಗೆಯ ನೀರೂ ಸೇರಿವೆ. ಹತ್ತಿ ಬೆಳೆಯುವ ಎರೆನೆಲವನ್ನು ಕಂಡವರಿಗೆ ಈ ಹೋಲಿಕೆ ಎಷ್ಟು ಸಹಜವೆಂಬುದು ಥಟ್ಟನೆ ಹೊಳೆಯುತ್ತದೆ. ಕೃತಜ್ಞತೆ ಕಾವ್ಯದಲ್ಲಿಯೇ ನಿಲ್ಲಲಿಲ್ಲ. ರನ್ನನು ತನ್ನ ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಪ್ರೌಢಶಾಲೆಯಲ್ಲಿ ರನ್ನನ 'ಗದಾಯುದ್ಧ'ದ ಪದ್ಯಗಳನ್ನು ಬಾಯಿಪಾಠ ಮಾಡಿ, ಮೇಷ್ಟರ ಮುಂದೆ ನಿಂತು ಒಪ್ಪಿಸಿ, ದುರ್ಯೋಧನನ ಪಾಡಿಗೆ ಮರುಗಿದ ಇಂದಿನ ತಂದೆತಾಯಂದಿರು ಆ ಕವಿಯನ್ನು ಪೋಷಿಸಿದ ಕೈಗಳಲ್ಲಿ ಇವಳ ಕೈಯೂ ಒಂದೆಂಬುದನ್ನು ಮರೆಯಬಾರದು.

ಅತ್ತಿಮಬ್ಬೆಯ ಹೆಸರಿನೊಡನೆ ಬೆರೆತಿರುವ ಊರು ಲಕ್ಕುಂಡಿ. ಗದಗಕ್ಕೆ ಹತ್ತಿರದಲ್ಲಿರುವ ಈ ಊರು ಶಾಸನಗಳಲ್ಲಿ 'ಲೊಕ್ಕಿಗುಂಡಿ'. ನೂರೊಂದು ಗುಡಿ, ನೂರೊಂದು ಬಾವಿ ಇದ್ದ ಊರೆಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಅತ್ತಿಮಬ್ಬೆ ಅಲ್ಲಿ ಕಟ್ಟಿಸಿದ ಬಸದಿಯೇ ಬ್ರಹ್ಮಜಿನಾಲಯ. ಬಸದಿ ಅಥವಾ ಜಿನಾಲಯವೆಂದರೆ ಜೈನರ ದೇವಾಲಯ. ತೈಲಪನ ಮಗ ಸತ್ಯಾಶ್ರಯನ ಆಳ್ವಿಕೆಯ 1007ನೆಯ ಇಸವಿಯ ಶಾಸನ ಈ ದಾನವನ್ನು ದಾಖಲಿಸುತ್ತದೆ. ಮಟ್ಟಸವಾದ ಗೋಡೆಗಳ, ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರದ ಈ ಬಸದಿಯೊಳಗೆ ಜೈನರ ಕಾವಲು ದೇವತೆಗಳಾದ ನಾಲ್ಕು ಮುಖದ ಬ್ರಹ್ಮಯಕ್ಷನ ಮೂರ್ತಿಯೂ ಪದ್ಮಾವತಿಯ ಮೂರ್ತಿಯೂ ಇವೆ. ಬಾದಾಮಿ, ಪಟ್ಟದಕಲ್ಲುಗಳ ಕೆಂಪು ಮರಳುಗಲ್ಲನ್ನು ಬಿಟ್ಟು ನುಣುಪಾದ ಬಳಪದ ಕಲ್ಲಿನಲ್ಲಿ ಕೆತ್ತುವ ಹೊಸ ರೀತಿ ಬೆಳೆದ ಮೊದಲ ದಿನಗಳ ಕಟ್ಟಡಗಳಲ್ಲಿ ಇದೂ ಒಂದು. ಊರಿಗೆ ಹೋಗುವ ಕುಟುಂಬಗಳು ಹಂಪೆಗೋ ಬಾದಾಮಿಗೋ ಮಕ್ಕಳನ್ನು ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಅರ್ಧ ದಿನವನ್ನು ಲಕ್ಕುಂಡಿಗೆ ಕೊಟ್ಟರೆ ಸಾವಿರ ವರ್ಷದ ಹಿಂದೆ ಒಬ್ಬ ತಾಯಿ ಕಟ್ಟಿಸಿದ ಗೋಡೆಯನ್ನು ಮಕ್ಕಳು ಕೈಯಾರೆ ಮುಟ್ಟಿ ನೋಡಬಹುದು.

ಮಹಾತ್ಮರ ಸುತ್ತ ಕಥೆಗಳು ಹುಟ್ಟುವುದು ಲೋಕರೂಢಿ. ಉಕ್ಕಿ ಹರಿಯುತ್ತಿದ್ದ ಗೋದಾವರಿ ಅತ್ತಿಮಬ್ಬೆಯ ಮಹಿಮೆಯಿಂದ ತಗ್ಗಿತೆಂದೂ, ಶ್ರವಣಬೆಳಗೊಳದ ಗೊಮ್ಮಟನ ದರ್ಶನವಾಗುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ಹೊರಟು ಬೆಟ್ಟವೇರಿ ಬಳಲಿದ ಆಕೆಗೆ ಅಕಾಲದಲ್ಲಿ ಮಳೆ ಸುರಿದು ದಣಿವಾರಿತೆಂದೂ ಪ್ರತೀತಿ ಇದೆ. ಇವನ್ನು ಚರಿತ್ರೆಯೆಂದು ವಾದಿಸಬೇಕಾಗಿಲ್ಲ. ನದಿಯೂ ಮುಗಿಲೂ ಮಾತು ಕೇಳುತ್ತವೆಂದು ಜನರು ನಂಬುವಷ್ಟು ಗೌರವ ಅವಳಿಗಿತ್ತೆಂಬುದು ಮಾತ್ರ ಚರಿತ್ರೆ. ಕರ್ನಾಟಕ ಸರ್ಕಾರವು ಲೇಖಕಿಯರಿಗೆ ನೀಡುವ 'ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ' ಆ ಗೌರವದ ಇಂದಿನ ರೂಪ.

ಈಗ ಹಿರಿಯರು ಯೋಚಿಸಬೇಕಾದ ಮಾತು ಒಂದಿದೆ. ಹೊರದೇಶಗಳಲ್ಲಿ ಹುಟ್ಟಿದ ಮಕ್ಕಳು ಮನೆಯಲ್ಲಿ ಕನ್ನಡವನ್ನು ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ, ಕೆಲವರು ಚೆನ್ನಾಗಿಯೇ ಆಡುತ್ತಾರೆ; ಆದರೆ ಬರೆಯುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಕೇಳಿ ಕಲಿತದ್ದು ಒಂದು ತಲೆಮಾರಿಗೆ ನಿಂತೀತು; ಬರೆದಿಟ್ಟದ್ದು ಮುಂದಿನ ತಲೆಮಾರಿಗೆ ಸಿಕ್ಕೀತು. ಈ ಸತ್ಯವನ್ನು ಅತ್ತಿಮಬ್ಬೆ ಚೆನ್ನಾಗಿ ಅರಿತಿದ್ದಳು. ಸಾವಿರ ಪ್ರತಿಗಳ ದಾನ ಇಂದಿನವರಿಂದ ಆಗಬೇಕಾಗಿಲ್ಲ, ಆದರೆ ಒಂದು ಪ್ರತಿಯ ಕೆಲಸ ಯಾವ ಮನೆಗೂ ಭಾರವಲ್ಲ. ಆದ್ದರಿಂದ ಬರುವ ರಾಜ್ಯೋತ್ಸವದ ಹೊತ್ತಿಗೆ ಕೂಟದ ಪ್ರತಿಯೊಂದು ಮನೆಯ ಮಗುವೂ ಅಜ್ಜಿ ಹೇಳುವ ಒಂದು ಹಾಡನ್ನೋ ಒಂದು ವಚನವನ್ನೋ ಒಂದು ಒಗಟನ್ನೋ ತನ್ನ ಕೈಯಕ್ಷರದಲ್ಲಿ ಎರಡು ಪ್ರತಿ ಬರೆಯಲಿ; ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ, ತಂದೆತಾಯಂದಿರು ಪಕ್ಕದಲ್ಲಿ ಕುಳಿತು ಬರೆಯಿಸಲಿ. ಒಂದು ಪ್ರತಿ ಆ ಮನೆಯಲ್ಲೇ ಉಳಿಯಲಿ, ಇನ್ನೊಂದು ಮತ್ತೊಂದು ಕನ್ನಡದ ಮನೆಗೆ ದಾನವಾಗಿ ಹೋಗಲಿ.