ಚಂದ್ರಗಿರಿಗೆ ಗಡಿ ಹೇಳಿದ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್

ಮಹಾಜನ್ ವರದಿ ಎಂಬ ಮಾತನ್ನು ಕೇಳದ ಕನ್ನಡ ಮನೆ ಕಾಸರಗೋಡಿನಲ್ಲಿ ಇರಲಾರದು. ಆದರೆ ಆ ಮಹಾಜನ್ ಯಾರು, ಯಾವ ಅನುಭವದ ಬಲದಿಂದ ನಮ್ಮ ಗಡಿಯ ಪ್ರಶ್ನೆಗೆ ಕೈಹಾಕಿದರು ಎಂಬುದು ನಮ್ಮ ಎಳೆಯರಲ್ಲಿ ಅನೇಕರಿಗೆ ತಿಳಿಯದು.

ಮೆಹರ್ ಚಂದ್ ಮಹಾಜನರು 1889ರ ದಶಂಬರ 23ರಂದು ಅಂದಿನ ಪಂಜಾಬಿನ, ಇಂದು ಹಿಮಾಚಲ ಪ್ರದೇಶಕ್ಕೆ ಸೇರಿರುವ ಕಾಂಗ್ರಾ ಜಿಲ್ಲೆಯಲ್ಲಿ ಜನಿಸಿದರು. ತಂದೆ ಬ್ರಿಜ್ ಲಾಲ್ ವಕೀಲರು. ಈ ಮಗುವಿನಿಂದ ತಂದೆಗೆ ಕೇಡೆಂದು ಜೋಯಿಸರು ನುಡಿದ ಕಾರಣ ಮೆಹರ್ ಚಂದರು ಎಳವೆಯ ಕೆಲವು ವರ್ಷಗಳನ್ನು ಹೆತ್ತವರಿಂದ ದೂರ, ರೈತ ಕುಟುಂಬವೊಂದರಲ್ಲಿ ಕಳೆದರು. ಮುಂದೆ ಲಾಹೋರಿನಲ್ಲಿ ಓದಿ, 1912ರಲ್ಲಿ ಕಾನೂನು ಪದವಿ ಪಡೆದರು. ಧರ್ಮಶಾಲಾ, ಗುರುದಾಸಪುರಗಳಲ್ಲಿ ವಕೀಲಿ ನಡೆಸಿ 1918ರಲ್ಲಿ ಲಾಹೋರಿಗೆ ಬಂದರು. 1943ರಲ್ಲಿ ಅಲ್ಲಿನ ಹೈಕೋರ್ಟಿನ ನ್ಯಾಯಾಧೀಶರಾದರು.

ಗಡಿಯ ನೋವು ಅವರಿಗೆ ಪುಸ್ತಕದಿಂದ ತಿಳಿದುದಲ್ಲ. 1947ರಲ್ಲಿ ಪಂಜಾಬನ್ನು ಸೀಳಲು ನೇಮಿಸಿದ ರಾಡ್‌ಕ್ಲಿಫ್ ಆಯೋಗದ ನಾಲ್ವರು ನ್ಯಾಯಾಧೀಶರಲ್ಲಿ ಅವರೂ ಒಬ್ಬರು. ನಾಲ್ವರಲ್ಲಿ ಒಮ್ಮತ ಮೂಡದೆ, ಕೊನೆಯ ಗೆರೆಯನ್ನು ರಾಡ್‌ಕ್ಲಿಫ್ ಒಬ್ಬರೇ ಎಳೆದರು. ಮಹಾಜನರು ಬಾಳಿ ಬೆಳೆದ ಲಾಹೋರ್ ಪಾಕಿಸ್ತಾನದ ಪಾಲಾಯಿತು.

ಅದೇ ವರ್ಷದ ಅಕ್ಟೋಬರದಲ್ಲಿ ಮಹಾರಾಜ ಹರಿಸಿಂಗರು ಅವರನ್ನು ಜಮ್ಮು-ಕಾಶ್ಮೀರದ ಪ್ರಧಾನಮಂತ್ರಿಯಾಗಿ ನೇಮಿಸಿಕೊಂಡರು. ಕೆಲವೇ ದಿನಗಳಲ್ಲಿ ದಾಳಿಕಾರರು ಶ್ರೀನಗರದತ್ತ ನುಗ್ಗಿದರು. ದಿಲ್ಲಿಗೆ ಧಾವಿಸಿದ ಮಹಾಜನರು ಸೈನ್ಯ ಕಳುಹಿಸುವಂತೆ ನೆಹರೂರವರನ್ನು ಒತ್ತಾಯಿಸಿ ಪಡೆದರು. 27ರಂದು ಭಾರತದ ಸೈನಿಕರು ಶ್ರೀನಗರದಲ್ಲಿ ಇಳಿದರು.

1948ರಲ್ಲಿ ಫೆಡರಲ್ ಕೋರ್ಟು, 1950ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಬರಮಾಡಿಕೊಂಡವು. 1950ರ ಎ.ಕೆ. ಗೋಪಾಲನ್ ಮೊಕದ್ದಮೆ ನಾವು ವಿಶೇಷವಾಗಿ ಗಮನಿಸತಕ್ಕದ್ದು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾನೂನನ್ನು ಬಹುಮತದ ತೀರ್ಪು ಬಹುಮಟ್ಟಿಗೆ ಎತ್ತಿಹಿಡಿಯಿತು. ಭಿನ್ನಮತ ಬರೆದವರು ಇಬ್ಬರು: ಫಜಲ್ ಅಲಿ ಮತ್ತು ಮಹಾಜನ್. ಆ ಗೋಪಾಲನ್ ಮುಂದೆ ಕಾಸರಗೋಡಿನ ಲೋಕಸಭಾ ಸದಸ್ಯರಾದರು. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗದ ಶಿಫಾರಸಿನಂತೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದನ್ನು ಪುನಃ ಪರಿಶೀಲಿಸುವ ಕೆಲಸ ಮಹಾಜನರ ಪಾಲಿಗೆ ಬಂತು.

1954ರ ಜನವರಿಯಿಂದ ದಶಂಬರದವರೆಗೆ ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಅವರನ್ನು 1966ರ ಅಕ್ಟೋಬರದಲ್ಲಿ ಕೇಂದ್ರ ಸರಕಾರ ಏಕಸದಸ್ಯ ಆಯೋಗವಾಗಿ ನೇಮಿಸಿತು. 1967ರ ಆಗಸ್ಟ್‌ನಲ್ಲಿ ವರದಿ ಸಲ್ಲಿಕೆಯಾಯಿತು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲೇ ಉಳಿಯಲಿ, ನಿಪ್ಪಾಣಿ, ಖಾನಾಪುರ ಮೊದಲಾದ ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ, ಅಕ್ಕಲಕೋಟೆಯಂಥ ಕನ್ನಡ ಪ್ರದೇಶ ಮೈಸೂರಿಗೆ ಬರಲಿ ಎಂದರು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಬೇಕೆಂದೂ ಸೂಚಿಸಿದರು. ಕೊಡುವುದೂ ಪಡೆಯುವುದೂ ಎರಡೂ ಅದರಲ್ಲಿದ್ದುದರಿಂದ ಅದನ್ನು ಒಂದೇ ಪಕ್ಷದ ವರದಿ ಎನ್ನುವಂತಿಲ್ಲ.

ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು, ಕೇರಳವೂ ಒಪ್ಪಲಿಲ್ಲ. ನ್ಯಾಯಾಲಯದ ತೀರ್ಪಿಗೆ ಅಮಲ್ಜಾರಿಯುಂಟು. ಆಯೋಗದ ಶಿಫಾರಸಿಗೆ ಸರಕಾರದ ಮನಸ್ಸೇ ಆಧಾರ. ಆ ಮನಸ್ಸು ಕೂಡಿಬರಲಿಲ್ಲ. 1967ರ ದಶಂಬರ 11ರಂದು, ವರದಿ ಸಲ್ಲಿಸಿ ನಾಲ್ಕು ತಿಂಗಳು ತುಂಬುವ ಮೊದಲೇ, ಮಹಾಜನರು ತೀರಿಕೊಂಡರು. 1984ರ ಮೇ 24ರಂದು ಕಾಸರಗೋಡು ಕೇರಳದ ಒಂದು ಜಿಲ್ಲೆಯಾಯಿತು.

ಆದರೂ ಆ ವರದಿ ನಿಷ್ಪ್ರಯೋಜಕವೆಂದು ನಾವು ಭಾವಿಸುವುದಿಲ್ಲ. ಕನ್ನಡದವರೂ ಮಲಯಾಳದವರೂ ಅಲ್ಲದ, ನಮ್ಮಿಂದ ಏನನ್ನೂ ಬಯಸದ ಹಿರಿಯ ನ್ಯಾಯಾಧೀಶರೊಬ್ಬರು ಈ ನೆಲದಲ್ಲಿ ಕನ್ನಡಕ್ಕಿರುವ ಸ್ಥಾನವನ್ನು ದಾಖಲೆಯಲ್ಲಿ ಒಪ್ಪಿದ್ದಾರೆ. ಗಡಿ ಬದಲಾಗದಿದ್ದರೂ, ಶಾಲೆಯಲ್ಲಿ, ಕಚೇರಿಯಲ್ಲಿ ನಮ್ಮ ಭಾಷೆಯ ಹಕ್ಕನ್ನು ಕೇಳುವಾಗ ಆ ದಾಖಲೆ ನಮ್ಮ ಬೆನ್ನಿಗಿದೆ. ನಮ್ಮ ಮಕ್ಕಳು ವರದಿಯ ಹೆಸರಿನ ಜತೆಗೆ ಅದನ್ನು ಬರೆದವರ ಬಾಳನ್ನೂ ತಿಳಿದಿರಲಿ.