ಜಾನ್ ವೆಸ್ಲಿ

ಜಾನ್ ವೆಸ್ಲಿ (ಜೂನ್ 17, 1703 – ಮಾರ್ಚ್ 2, 1791) ಇಂಗ್ಲೆಂಡಿನ ಆಂಗ್ಲಿಕನ್ ಯಾಜಕರು, ದೈವಶಾಸ್ತ್ರಜ್ಞರು ಹಾಗೂ ಮೆಥೊಡಿಸ್ಟ್ ಚಳವಳಿಯ ಸ್ಥಾಪಕರು. ಜನ್ಮದಿನಾಂಕವು ಅಂದು ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದ್ದು. ಇಂದಿನ ಲೆಕ್ಕದಲ್ಲಿ ಅದು ಜೂನ್ 28. ಮನುಷ್ಯನು ದೇವರಿಗೆ ವಿಧೇಯನಾಗಿರುವುದು ದಂಡನೆಯ ಭಯದಿಂದಲೋ ಪ್ರೀತಿಯಿಂದಲೋ ಎಂಬ ಪ್ರಶ್ನೆಯು ಇವರ ಬದುಕನ್ನೂ ಬೋಧನೆಯನ್ನೂ ಕೊನೆಯವರೆಗೆ ಆವರಿಸಿಕೊಂಡಿತ್ತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವೆಸ್ಲಿಯವರು ಲಿಂಕನ್‌ಶೈರ್ ಪ್ರಾಂತ್ಯದ ಎಪ್‌ವರ್ತ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ವೆಸ್ಲಿ ಅಲ್ಲಿನ ಚರ್ಚಿನ ಯಾಜಕರು. ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತವರು. ಅವರಲ್ಲಿ ಅನೇಕರು ಶೈಶವದಲ್ಲಿಯೇ ತೀರಿಕೊಂಡರು. ಮನೆಯ ಶಿಸ್ತು ಕಠಿಣವಾಗಿತ್ತು. ಮಕ್ಕಳಿಗೆ ಒಂದು ವರ್ಷ ತುಂಬುವಷ್ಟರಲ್ಲಿಯೇ ಬೆತ್ತಕ್ಕೆ ಹೆದರುವುದನ್ನೂ ಸದ್ದಿಲ್ಲದೆ ಅಳುವುದನ್ನೂ ಕಲಿಸಲಾಗುತ್ತಿತ್ತು. ಅದೇ ತಾಯಿ ವಾರಕ್ಕೊಂದು ಸಂಜೆಯನ್ನು ಒಬ್ಬೊಬ್ಬ ಮಗುವಿಗೆ ಮೀಸಲಿಟ್ಟು ಮಾತನಾಡುತ್ತಿದ್ದರು. ಗುರುವಾರ ಜಾನ್‌ನದು. ದೊಡ್ಡವರಾದ ಮೇಲೂ ವೆಸ್ಲಿಯವರು ಆ ಗುರುವಾರಗಳನ್ನು ನೆನೆಸಿಕೊಳ್ಳುತ್ತಿದ್ದರು.

1709ರ ಫೆಬ್ರವರಿ 9ರ ರಾತ್ರಿ ಮನೆಗೆ ಬೆಂಕಿ ಬಿದ್ದಾಗ, ಮಾಡು ಕುಸಿಯುವ ಕೆಲವೇ ಕ್ಷಣಗಳ ಮೊದಲು ಐದು ವರ್ಷದ ಜಾನ್‌ನನ್ನು ಮೇಲಂತಸ್ತಿನ ಕಿಟಕಿಯಿಂದ ಹೊರಗೆಳೆದು ಕಾಪಾಡಲಾಯಿತು.

1714ರಲ್ಲಿ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಗೂ 1720ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೂ ಸೇರಿದ ಇವರು 1726ರಲ್ಲಿ ಲಿಂಕನ್ ಕಾಲೇಜಿನ ಫೆಲೋ ಆದರು. 1728ರಲ್ಲಿ ಯಾಜಕದೀಕ್ಷೆ ಪಡೆದರು. ತಮ್ಮ ಚಾರ್ಲ್ಸ್ ಆರಂಭಿಸಿದ್ದ ಸಣ್ಣ ಗುಂಪೊಂದಕ್ಕೆ ಇವರೇ ನಾಯಕರಾದರು. ಅದರ ಸದಸ್ಯರು ಬುಧವಾರ ಮತ್ತು ಶುಕ್ರವಾರ ಉಪವಾಸವಿದ್ದು, ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ಕಾಣುತ್ತಿದ್ದರು. ದಿನದ ಪ್ರತಿ ಗಳಿಗೆಯ ಲೆಕ್ಕವನ್ನೂ ಇಡುತ್ತಿದ್ದರು. ಈ ಕ್ರಮಬದ್ಧತೆಯನ್ನು ಹಾಸ್ಯಮಾಡಲು ಇತರ ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರುಗಳಲ್ಲಿ ಒಂದಾದ ಮೆಥೊಡಿಸ್ಟ್ ಎಂಬುದೇ ಮುಂದೆ ಚಳವಳಿಯ ಹೆಸರಾಯಿತು. ಇಷ್ಟೆಲ್ಲ ಆಚರಿಸಿದರೂ ತಾವು ದೇವರಿಗೆ ಮೆಚ್ಚುಗೆಯಾಗಿದ್ದೇವೆಯೇ ಎಂಬ ಸಂದೇಹ ವೆಸ್ಲಿಯವರನ್ನು ಬಿಡಲಿಲ್ಲ.

ಜಾರ್ಜಿಯಾ ಪ್ರವಾಸ

1735ರ ಅಕ್ಟೋಬರಿನಲ್ಲಿ ವೆಸ್ಲಿ ಸಹೋದರರು ಅಮೆರಿಕದ ಜಾರ್ಜಿಯಾ ವಸಾಹತಿಗೆ ಹಡಗೇರಿದರು. ಜರ್ಮನಿಯ ಮೊರೇವಿಯನ್ ಪಂಥದ ಕೆಲವು ಕುಟುಂಬಗಳೂ ಅದೇ ಹಡಗಿನಲ್ಲಿದ್ದವು. 1736ರ ಜನವರಿಯ ಬಿರುಗಾಳಿಯಲ್ಲಿ ದೊಡ್ಡ ಹಾಯಿ ಹರಿದು ನೀರು ಒಳನುಗ್ಗಿದಾಗ ಇಂಗ್ಲಿಷ್ ಪ್ರಯಾಣಿಕರು ಚೀರಿಟ್ಟರು. ಮೊರೇವಿಯನ್ನರು ಮಾತ್ರ ಹೆಂಗಸರು ಮಕ್ಕಳೆನ್ನದೆ ಕೀರ್ತನೆ ಹಾಡುವುದನ್ನು ನಿಲ್ಲಿಸಲಿಲ್ಲ. ಸಾಯಲು ತಮಗೆ ಭಯವಿದೆಯೆಂಬುದನ್ನು ವೆಸ್ಲಿಯವರು ಅಂದು ಸ್ಪಷ್ಟವಾಗಿ ಕಂಡುಕೊಂಡರು.

ಸವಾನಾದಲ್ಲಿ ಇವರ ಸೇವೆ ಯಶಸ್ವಿಯಾಗಲಿಲ್ಲ. ಚರ್ಚಿನ ನಿಯಮಗಳನ್ನು ಚಾಚೂತಪ್ಪದೆ ಹೇರಿದ್ದು ವಲಸಿಗರಿಗೆ ಹಿಡಿಸಲಿಲ್ಲ. ತಾವು ಒಲಿದಿದ್ದ ಸೋಫಿಯಾ ಹಾಪ್ಕಿ ಬೇರೊಬ್ಬರನ್ನು ಮದುವೆಯಾದ ಬಳಿಕ, 1737ರಲ್ಲಿ ಆಕೆಗೆ ಪ್ರಭುಭೋಜನವನ್ನು ನಿರಾಕರಿಸಿದರು. ಕಾರಣ ನಿಯಮದ್ದೆಂದು ಅವರು ಹೇಳಿದರೂ ಊರಿನವರು ಹಾಗೆ ತಿಳಿಯಲಿಲ್ಲ. ಮೊಕದ್ದಮೆ ನಡೆಯುತ್ತಿರುವಾಗಲೇ ಡಿಸೆಂಬರಿನಲ್ಲಿ ವಸಾಹತನ್ನು ತೊರೆದು ಇಂಗ್ಲೆಂಡಿಗೆ ಹೊರಟರು.

ಆಲ್ಡರ್ಸ್‌ಗೇಟ್ ಅನುಭವ

ಲಂಡನ್ನಿನಲ್ಲಿ ಪೀಟರ್ ಬೋಲರ್ ಎಂಬ ಮೊರೇವಿಯನ್ ಬೋಧಕರೊಂದಿಗೆ ನಡೆದ ಚರ್ಚೆಗಳು, ಸತ್ಕಾರ್ಯಗಳಿಂದ ದೇವರ ಪ್ರೀತಿಯನ್ನು ಗಳಿಸಲು ಹೊರಟದ್ದೇ ತಪ್ಪು ಎಂಬ ಅಭಿಪ್ರಾಯಕ್ಕೆ ಇವರನ್ನು ತಂದವು. 1738ರ ಮೇ 24ರ ಸಂಜೆ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದಕ್ಕೆ ಮನಸ್ಸಿಲ್ಲದೆ ಹೋದರು. ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಗೆ ಲೂಥರರ ಮುನ್ನುಡಿಯನ್ನು ಅಲ್ಲಿ ಓದಲಾಗುತ್ತಿತ್ತು. ಸುಮಾರು ಎಂಟೂ ಮುಕ್ಕಾಲರ ವೇಳೆಗೆ ತಮ್ಮ ಹೃದಯ ಬೆಚ್ಚಗಾದಂತೆಯೂ ತಮ್ಮ ಪಾಪಗಳು ಕ್ಷಮಿಸಲ್ಪಟ್ಟವೆಂಬ ಭರವಸೆ ಮೂಡಿದಂತೆಯೂ ಆಯಿತೆಂದು ದಿನಚರಿಯಲ್ಲಿ ದಾಖಲಿಸಿದ್ದಾರೆ.

ಸೇವಕಭಾವ ಮತ್ತು ಪುತ್ರಭಾವ

ದಾಸತ್ವದ ಆತ್ಮ ಮತ್ತು ದತ್ತಪುತ್ರತ್ವದ ಆತ್ಮವನ್ನು ಕುರಿತ, 1746ರಲ್ಲಿ ಪ್ರಕಟವಾದ ಪ್ರಸಂಗದಲ್ಲಿ ವೆಸ್ಲಿಯವರು ಮನುಷ್ಯರನ್ನು ಮೂರು ಸ್ಥಿತಿಗಳಲ್ಲಿ ಕಂಡರು. ಮೊದಲನೆಯವನಿಗೆ ದೇವರ ಭಯವೂ ಇಲ್ಲ, ಪ್ರೀತಿಯೂ ಇಲ್ಲ. ಎರಡನೆಯವನು ಆಜ್ಞೆಗಳ ಅಡಿಯಲ್ಲಿದ್ದು ಹೆದರಿ ನಡೆಯುತ್ತಾನೆ, ಬೀಳುತ್ತಾನೆ, ಮತ್ತೆ ಹೆದರುತ್ತಾನೆ. ಮೂರನೆಯವನು ಕೃಪೆಯ ಅಡಿಯಲ್ಲಿದ್ದು ಪ್ರೀತಿಯಿಂದ ನಡೆಯುತ್ತಾನೆ.

ಪ್ರೀತಿಯುಳ್ಳವನಿಗೆ ಆಜ್ಞೆಗಳ ಹಂಗಿಲ್ಲ ಎಂಬ ತೀರ್ಮಾನವನ್ನು ಇವರು ಒಪ್ಪಲಿಲ್ಲ. ನಿಜವಾದ ನಂಬಿಕೆ ಬರುವವರೆಗೆ ಪ್ರಾರ್ಥನೆ, ಪ್ರಭುಭೋಜನ ಮೊದಲಾದವನ್ನು ಬಿಟ್ಟು ಸುಮ್ಮನಿರಬೇಕೆಂದು ಲಂಡನ್ನಿನ ಕೆಲವು ಮೊರೇವಿಯನ್ನರು ಬೋಧಿಸಿದಾಗ, 1740ರ ಜುಲೈಯಲ್ಲಿ ವೆಸ್ಲಿಯವರು ಅವರ ಸಂಘದಿಂದ ಹೊರಬಂದರು.

ವಯಸ್ಸಾದಂತೆ ಇವರ ನಿಲುವು ಮೃದುವಾಯಿತು. ಭಯದಿಂದ ವಿಧೇಯನಾಗಿರುವವನೂ ದೇವರಿಗೆ ಮೆಚ್ಚುಗೆಯಾದವನೇ, ಆದರೆ ಅವನು ಇನ್ನೂ ಸೇವಕ, ಮಗನಲ್ಲ ಎಂದು 1788ರ ಪ್ರಸಂಗವೊಂದರಲ್ಲಿ ವಿವರಿಸಿದರು. ತಮ್ಮ ಆಕ್ಸ್‌ಫರ್ಡ್ ಮತ್ತು ಜಾರ್ಜಿಯಾ ದಿನಗಳಲ್ಲಿ ತಾವು ಕ್ರೈಸ್ತನೇ ಆಗಿರಲಿಲ್ಲವೆಂದು ಹಿಂದೆ ಬರೆದಿದ್ದ ಕಠೋರ ಮಾತುಗಳಿಗೂ, ಆಗ ತಮ್ಮಲ್ಲಿ ಸೇವಕನ ನಂಬಿಕೆ ಇತ್ತೆಂಬ ತಿದ್ದುಪಡಿ ಸೇರಿಸಿದರು.

ಇವರ ಅಂತರಂಗ ಸದಾ ನಿಶ್ಚಿಂತವಾಗಿತ್ತೆಂದು ತಿಳಿಯುವುದು ಸರಿಯಲ್ಲ. 1766ರ ಜೂನಿನಲ್ಲಿ ತಮ್ಮ ಚಾರ್ಲ್ಸ್‌ಗೆ ಬರೆದ ಪತ್ರದಲ್ಲಿ, ಕೆಲವು ಸಾಲುಗಳನ್ನು ಶೀಘ್ರಲಿಪಿಯಲ್ಲಿ ಮರೆಮಾಡಿ, ತಾವು ದೇವರನ್ನು ಎಂದೂ ಪ್ರೀತಿಸಿಯೇ ಇಲ್ಲವೆಂದು ತೋಡಿಕೊಂಡಿದ್ದಾರೆ. ತಮಗಿರುವ ಭಯ ನರಕದ್ದಲ್ಲ, ಶೂನ್ಯದಲ್ಲಿ ಇಲ್ಲವಾಗುವುದರದ್ದು ಎಂದೂ ಅಲ್ಲಿ ಸೂಚಿಸಿದ್ದಾರೆ. ಕೆಲಸ ಬಿಡಲು ತಮ್ಮಿಂದಾಗದೆಂಬುದೂ ಅದೇ ಪತ್ರದಲ್ಲಿದೆ. ಕ್ರೈಸ್ತ ಪರಿಪೂರ್ಣತೆಯೆಂದರೆ ದೇವರನ್ನೂ ನೆರೆಯವರನ್ನೂ ಪೂರ್ಣಮನಸ್ಸಿನಿಂದ ಪ್ರೀತಿಸುವುದು ಎಂದು ಪ್ರತಿಪಾದಿಸಿದ ಇವರ ಹೆಸರಾಂತ ಗ್ರಂಥ ಪ್ರಕಟವಾದದ್ದೂ ಅದೇ ವರ್ಷ.

ಬಯಲು ಬೋಧನೆ ಮತ್ತು ಸಮಾಜಸೇವೆ

ಗೆಳೆಯ ಜಾರ್ಜ್ ವೈಟ್‌ಫೀಲ್ಡರ ಒತ್ತಾಯದಿಂದ 1739ರ ಏಪ್ರಿಲ್ 2ರಂದು ಬ್ರಿಸ್ಟಲ್ ಬಳಿ ಮೊದಲ ಬಾರಿಗೆ ಬಯಲಿನಲ್ಲಿ ಬೋಧಿಸಿದರು. ಅಲ್ಲಿಂದ ಐವತ್ತು ವರ್ಷ ಬಹುಪಾಲು ಕುದುರೆಯ ಮೇಲೆ ಸಂಚರಿಸಿದರು. ಒಟ್ಟು 2,50,000 ಮೈಲಿ ಎಂಬುದು ರೂಢಿಯಲ್ಲಿರುವ ಅಂದಾಜು. 1747ರಲ್ಲಿ ಬಡವರಿಗಾಗಿ ಮನೆಮದ್ದಿನ ಪುಸ್ತಕ ಬರೆದರು. 1774ರಲ್ಲಿ ಗುಲಾಮಗಿರಿಯನ್ನು ಖಂಡಿಸುವ ಕಿರುಹೊತ್ತಗೆ ಹೊರತಂದರು. 1751ರಲ್ಲಿ ಮೇರಿ ವಜೀಲ್ ಎಂಬ ವಿಧವೆಯೊಂದಿಗೆ ಆದ ವಿವಾಹ ಸುಖಕರವಾಗಿರಲಿಲ್ಲ.

ನಿಧನ

1791ರ ಫೆಬ್ರವರಿ 24ರಂದು, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸರಿಗೆ ಬೆಂಬಲದ ಪತ್ರ ಬರೆದರು. ಮಾರ್ಚ್ 2ರಂದು ಲಂಡನ್ನಿನ ಸಿಟಿ ರೋಡಿನ ತಮ್ಮ ಮನೆಯಲ್ಲಿ, 87ನೆಯ ವಯಸ್ಸಿನಲ್ಲಿ ನಿಧನರಾದರು. ಕೊನೆಯವರೆಗೂ ಆಂಗ್ಲಿಕನ್ ಯಾಜಕರಾಗಿಯೇ ಉಳಿದಿದ್ದರು.

ಕರ್ನಾಟಕದಲ್ಲಿ

19ನೆಯ ಶತಮಾನದಲ್ಲಿ ವೆಸ್ಲಿಯನ್ ಮಿಷನ್ನಿನವರು ಮೈಸೂರು ಸಂಸ್ಥಾನದಲ್ಲಿ ಶಾಲೆ, ಆಸ್ಪತ್ರೆ ಹಾಗೂ ಮುದ್ರಣಾಲಯಗಳನ್ನು ನಡೆಸಿದರು. ಮೈಸೂರಿನ ವೆಸ್ಲಿ ಪ್ರೆಸ್ ಮತ್ತು ವೃತ್ತಾಂತ ಪತ್ರಿಕೆ, ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚ್ ಇವರಿಗೆ ಸೇರಿದವು. ಈ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು. ಅಮೆರಿಕದ ಮೆಥೊಡಿಸ್ಟರು ಸ್ಥಾಪಿಸಿದ ಬೀದರ್, ಕೋಲಾರ ಮುಂತಾದೆಡೆಯ ಸಭೆಗಳು ಪ್ರತ್ಯೇಕವಾಗಿಯೇ ಮುಂದುವರಿದಿವೆ.